ಪೆಟ್ಟಿಗೆಯೋ ಪ್ಲಗಿನ್ನೋ: ಸಿಂಥ್ ಕೊಳ್ಳುವ ಮುಂಚೆ ಕೈಯನ್ನು ಕೇಳಿ

ಶಾಸ್ತ್ರೀಯ ಸಂಗೀತದ ಕಛೇರಿಗೆ ಹೋದಾಗ ಹಾಡುಗಾರರ ಹಿಂದೆ ಒಮ್ಮೆ ಕಣ್ಣು ಹಾಯಿಸಿ. ಎಷ್ಟೋ ವೇದಿಕೆಗಳಲ್ಲಿ ಈಗಲೂ ಒಂದು ಪುಟ್ಟ ಎಲೆಕ್ಟ್ರಾನಿಕ್ ತಂಬೂರಿ ಕೂತಿರುತ್ತದೆ. ಬೆಂಗಳೂರಿನ ರಾಡೆಲ್ ಕಂಪನಿಯ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಗೆ ಮಾಡಿದ ಪೆಟ್ಟಿಗೆಯ ವಂಶ ಅದು. ಅದೇ ಕೆಲಸ ಮಾಡುವ ಆ್ಯಪ್ ಆ ಹಾಡುಗಾರರ ಫೋನಿನಲ್ಲೂ ಇರುತ್ತದೆ. ಮನೆಯಲ್ಲಿ ಅಭ್ಯಾಸಕ್ಕೆ ಅದನ್ನೇ ಹಾಕಿಕೊಳ್ಳುತ್ತಾರೆ. ಅದರ ನಾದ ಪೆಟ್ಟಿಗೆಯದಕ್ಕಿಂತ ಕಡಿಮೆಯೇನಿಲ್ಲ. ಆದರೂ ವೇದಿಕೆಗೆ ಪೆಟ್ಟಿಗೆಯನ್ನೇ ಹೊತ್ತು ತರುವವರು ಬೇಕಾದಷ್ಟು ಜನ ಇದ್ದಾರೆ. ಪಲ್ಲವಿಯ ನಡುವೆ ಪೆಟ್ಟಿಗೆಗೆ ಫೋನ್ ಬರುವುದಿಲ್ಲ. ಶ್ರುತಿ ಕೂದಲೆಳೆಯಷ್ಟು ಇಳಿದಿದೆ ಅನ್ನಿಸಿದರೆ ಕಣ್ಣು ಮುಚ್ಚಿಕೊಂಡೇ ಕೈ ಹಿಂದೆ ಚಾಚಿ ನಾಬ್ ತಿರುಗಿಸಬಹುದು.

ಎಲೆಕ್ಟ್ರಾನಿಕ್ ಸಂಗೀತ ಮಾಡಲು ಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆಯೂ ಇಂಥದ್ದೇ. ಸಿಂಥಸೈಸರ್, ಅಂದರೆ ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ವಾದ್ಯ, ಹಾರ್ಡ್‌ವೇರ್ ಪೆಟ್ಟಿಗೆಯಾಗಿ ಕೊಳ್ಳಬೇಕಾ, ಲ್ಯಾಪ್‌ಟಾಪಿನಲ್ಲಿ ಅದೇ ಕೆಲಸ ಮಾಡುವ ಪ್ಲಗಿನ್ ಅನ್ನುವ ಸಾಫ್ಟ್‌ವೇರ್ ಸಾಕಾ? ಕಳೆದ ವರ್ಷ ಶಿವಮೊಗ್ಗದಿಂದ ನನ್ನ ಅಕ್ಕನ ಮಗ ಫೋನ್ ಮಾಡಿ, "ಮಾಮ, ನಲವತ್ತು ಸಾವಿರ ಕೂಡಿಟ್ಟಿದ್ದೀನಿ. ಯಾವ ಸಿಂಥ್ ತಗೊಳ್ಳಲಿ?" ಅಂದ. ಅವನು ನೋಡಿದ್ದ ವಿಡಿಯೋಗಳೆಲ್ಲ ಸದ್ದಿನ ಬಗ್ಗೆಯೇ ಮಾತಾಡುತ್ತಿದ್ದವು. ಅನಲಾಗ್ ಸದ್ದು (ವಿದ್ಯುತ್ತಿನ ಅಲೆಯಿಂದ ನೇರವಾಗಿ ಬರುವುದು) ದಪ್ಪ, ಡಿಜಿಟಲ್ ಸದ್ದು (ಅಂಕಿಗಳ ಲೆಕ್ಕದಿಂದ ಬರುವುದು) ತೆಳು, ಹೀಗೆ.

ನನಗೆ ಅನ್ನಿಸುವ ಪ್ರಕಾರ ಸದ್ದಿನ ಜಗಳ ಬಹುಮಟ್ಟಿಗೆ ತೀರಿಹೋಗಿದೆ. ಈಗ ತೂಗಿ ನೋಡಬೇಕಾದ್ದು ನಿಮ್ಮ ಕೈ ಏನು ಕೇಳುತ್ತದೆ ಅನ್ನುವುದನ್ನು. ಆಮೇಲೆ, ಇವತ್ತು ಮಾಡಿದ ಕೆಲಸ ಹತ್ತು ವರ್ಷ ಬಿಟ್ಟು ತೆರೆಯುತ್ತದಾ ಅನ್ನುವುದನ್ನು. ನಮ್ಮ ರಾಗಗಳನ್ನು ನುಡಿಸುವ ಆಸೆ ಇದ್ದರೆ ಗಮಕದ, ಅಂದರೆ ಸ್ವರವನ್ನು ತೂಗಿ ಜಾರಿಸುವುದರ ಪ್ರಶ್ನೆಯೂ ಸೇರಿಕೊಳ್ಳುತ್ತದೆ.

ಮೊದಲು ಸದ್ದಿನ ಮಾತು ಮುಗಿಸೋಣ. ಸಿಂಥ್ ಒಳಗೆ ಆಸಿಲೇಟರ್ ಒಂದು ಕಚ್ಚಾ ಅಲೆ ಹುಟ್ಟಿಸುತ್ತದೆ. ಗರಗಸದ ಹಲ್ಲಿನ ಆಕಾರದ ಅಲೆಯಾದರೆ ಅದರಲ್ಲಿ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಸ್ವರಗಳೆಲ್ಲ ತುಂಬಿರುತ್ತವೆ. ಕೇಳಿದರೆ ಕಿವಿಯ ಹತ್ತಿರ ದುಂಬಿ ಬಂದ ಹಾಗೆ. ಫಿಲ್ಟರ್ ಅದರಲ್ಲಿ ಬೇಡವಾದ ಮೇಲಿನ ಸ್ವರಗಳನ್ನು ಸೋಸುತ್ತದೆ. ಎನ್ವಲಪ್ ಅನ್ನುವುದು ಆಕಾರ ಕೊಡುತ್ತದೆ. ವೀಣೆಯ ಮೀಟಿನಂತೆ ಥಟ್ಟನೆ ಎದ್ದು ಕರಗಬೇಕಾ, ನಾಗಸ್ವರದಂತೆ ಉಸಿರಿರುವವರೆಗೂ ನಿಲ್ಲಬೇಕಾ ಅನ್ನುವುದು ಅದರ ಕೆಲಸ. ಎಲ್‌ಎಫ್‌ಓ ಅನ್ನುವ ನಿಧಾನದ ಅಲೆ ಇವನ್ನೆಲ್ಲ ಅಲುಗಿಸುತ್ತದೆ. ಐದು ಲಕ್ಷದ ಸಿಂಥ್ ಆಗಲಿ, ಬಿಟ್ಟಿ ಪ್ಲಗಿನ್ ಆಗಲಿ, ಹೆಚ್ಚಿನವುಗಳ ಹೊಟ್ಟೆಯಲ್ಲಿ ಇರುವುದು ಇವೇ.

ಅಮೆರಿಕದ ರಾಬರ್ಟ್ ಮೋಗ್ 1964ರಲ್ಲಿ ತಮ್ಮ ಮೊದಲ ಮಾಡ್ಯುಲರ್ ಸಿಂಥ್, ಅಂದರೆ ಬಿಡಿ ಭಾಗಗಳನ್ನು ವೈರಿನಿಂದ ಜೋಡಿಸಿಕೊಳ್ಳುವಂಥದ್ದು, ಕಟ್ಟಿದರು. ನಮ್ಮಲ್ಲಿ ತುಂಬಾ ಜನ ಮೂಗ್ ಅನ್ನುತ್ತಾರೆ, ಅವರು ತಮ್ಮ ಹೆಸರನ್ನು ಹೇಳುತ್ತಿದ್ದುದು ಮೋಗ್ ಅಂತ. ಗೋಡೆಯಷ್ಟು ದೊಡ್ಡದಿದ್ದ ಅಂಥ ಒಂದು ಯಂತ್ರ 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಗೂ ಬಂದಿತ್ತು ಅಂದರೆ ಆಶ್ಚರ್ಯ ಆಗುತ್ತದೆ ಅಲ್ವಾ? 1970ರಲ್ಲಿ ಮೋಗ್ ಕಂಪನಿ ಅದನ್ನು ಒಬ್ಬರೇ ಹೊತ್ತುಕೊಂಡು ಹೋಗುವಷ್ಟು ಚಿಕ್ಕದು ಮಾಡಿತು. ಅದೇ ಮಿನಿಮೋಗ್ ಮಾಡೆಲ್ ಡಿ. ಮೋಗ್ ಕಂಪನಿ 2022ರಲ್ಲಿ ಅದನ್ನು ಮತ್ತೆ ಮಾರುಕಟ್ಟೆಗೆ ತಂದಾಗ ಬೆಲೆ 4,999 ಡಾಲರ್. ಬೆಹ್ರಿಂಗರ್ ಕಂಪನಿ ಮಾಡಿದ ಅದರ ನಕಲು 400 ಡಾಲರ್‌ಗೂ ಕಡಿಮೆಗೆ ಬಂದಿತ್ತು. ಮೋಗ್ ಕಂಪನಿಯದೇ ಐಫೋನ್ ಆ್ಯಪ್ 2020ರ ಲಾಕ್‌ಡೌನ್ ಸಮಯದಲ್ಲಿ ಸ್ವಲ್ಪ ದಿನ ಬಿಟ್ಟಿಯಾಗಿಯೇ ಸಿಕ್ಕಿತ್ತು.

ಮೂರನ್ನೂ ಪಕ್ಕ ಪಕ್ಕ ಇಟ್ಟು ಕೇಳಿದರೆ ವ್ಯತ್ಯಾಸ ಇದೆ, ಇಲ್ಲ ಅನ್ನಲ್ಲ. ನಿಜವಾದ ಅನಲಾಗ್ ಸರ್ಕ್ಯೂಟ್ ಬಿಸಿಗೆ ತಕ್ಕಂತೆ ಶ್ರುತಿಯಲ್ಲಿ ಒಂಚೂರು ಅಲೆದಾಡುತ್ತದೆ. ಮೂರು ಆಸಿಲೇಟರ್‌ಗಳು ಹಾಗೆ ಬೇರೆ ಬೇರೆಯಾಗಿ ಅಲೆದಾಡಿದಾಗ ನಾದಕ್ಕೆ ಜೀವ ಬರುತ್ತದೆ. ಆದರೆ ಒಳ್ಳೆಯ ಪ್ಲಗಿನ್‌ಗಳು ಈ ಅಲೆದಾಟವನ್ನೂ ಲೆಕ್ಕ ಹಾಕಿ ತರುತ್ತವೆ. ಅದರ ಮೇಲೆ ಡ್ರಮ್ಸ್, ಬೇಸ್, ಹಾಡು ಎಲ್ಲ ಕೂತು, ಕೇಳುವವರು ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುವಾಗ, ಇದು ಪೆಟ್ಟಿಗೆಯಿಂದ ಬಂದದ್ದು, ಇದು ಪ್ಲಗಿನ್‌ನಿಂದ ಬಂದದ್ದು ಅಂತ ಹೇಳುವವರನ್ನು ನಾನಂತೂ ಕಂಡಿಲ್ಲ.

ಇನ್ನೊಂದು ಗೊಂದಲ. ಹಾರ್ಡ್‌ವೇರ್ ಅಂದರೆ ಅನಲಾಗ್ ಅಂತ ತಿಳಿದವರು ಜಾಸ್ತಿ. 1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ಪೂರ್ತಿ ಡಿಜಿಟಲ್. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ ಕಂಡುಕೊಂಡ ಎಫ್‌ಎಂ (ಒಂದು ಅಲೆಯಿಂದ ಇನ್ನೊಂದರ ಕಂಪನವನ್ನು ಅಲುಗಿಸುವ) ವಿಧಾನದ ಲೆಕ್ಕವನ್ನು ಅದರ ಚಿಪ್‌ಗಳು ಮಾಡುತ್ತಿದ್ದವು. ಅದರ ಒಂದು ಧ್ವನಿಯ ಪೂರ್ತಿ ವಿವರ 128 ಬೈಟ್‌ನಲ್ಲಿ ಮುಗಿಯುತ್ತದೆ. 32 ಧ್ವನಿಗಳ ಒಂದು ಬ್ಯಾಂಕ್ ಅಂದರೆ ಬರೀ 4 ಕಿಲೋಬೈಟ್. ನಿಮ್ಮ ವಾಟ್ಸ್‌ಆ್ಯಪ್‌ಗೆ ಬೆಳಿಗ್ಗೆ ಬರುವ ಶುಭೋದಯದ ಚಿತ್ರ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಡೆಕ್ಸ್ಡ್ ಅನ್ನುವ ಬಿಟ್ಟಿ ಪ್ಲಗಿನ್ ಅದೇ ಲೆಕ್ಕ ಮಾಡುತ್ತದೆ, ಅದೇ ಬ್ಯಾಂಕ್ ತೆರೆಯುತ್ತದೆ. ಆ ಸದ್ದಿಗಾಗಿ ಹದಿನಾಲ್ಕು ಕಿಲೋ ತೂಗುವ ಹಳೇ ಕೀಬೋರ್ಡ್ ಹುಡುಕಿಕೊಂಡು ಹೋಗುವುದು ಈಗ ಅಗತ್ಯ ಇಲ್ಲ. ಆರ್ಟುರಿಯಾ ಕಂಪನಿಯ ಮಿನಿಫ್ರೀಕ್ ಬಂದಾಗ ಪೆಟ್ಟಿಗೆಯ ಜೊತೆಗೆ ಅದೇ ಸದ್ದಿನ ಪ್ಲಗಿನ್ ಕೂಡ ಬಂತು. ಪೆಟ್ಟಿಗೆಯ ಫಿಲ್ಟರ್ ಅನಲಾಗ್ ಅನ್ನುವುದು ಬಿಟ್ಟರೆ, ಒಳಗೆ ಎರಡೂ ಒಂದೇ ತರಹದ ಲೆಕ್ಕ. ಅಂದಮೇಲೆ ಪೆಟ್ಟಿಗೆಗೆ ಕೊಡುವ ದುಡ್ಡು ಯಾವುದಕ್ಕೆ?

ನಾಬ್‌ಗಳಿಗೆ. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ.

ಒಂದು ಸಿಂಥ್ ಮುಂದೆ ಕೂತು ಒಂದು ಸ್ವರ ಹಿಡಿಯಿರಿ. ಎಡಗೈ ಫಿಲ್ಟರಿನ ಕಟಾಫ್ ಮೇಲೆ, ಬಲಗೈ ರೆಸೊನೆನ್ಸ್ ಮೇಲೆ. ಕಟಾಫ್ ನಿಧಾನ ಇಳಿಸುತ್ತಾ ಹೋದಂತೆ ಸದ್ದು ಕಂಬಳಿ ಹೊದ್ದುಕೊಳ್ಳುತ್ತದೆ. ರೆಸೊನೆನ್ಸ್ ಏರಿಸಿದರೆ ಒಂದು ಜಾಗದಲ್ಲಿ ಸೀಟಿಯಂಥ ಎಳೆ ಏಳುತ್ತದೆ. ಆ ಜಾಗದಿಂದ ಒಂಚೂರು ಹಿಂದೆ ಬಂದರೆ ಸದ್ದು ಮನುಷ್ಯರು "ಆ", "ಓ" ಅಂದ ಹಾಗೆ ಕೇಳುತ್ತದೆ. ನಾಲ್ಕು ದಿನ ಹೀಗೆ ಆಡಿದರೆ ಆ ಜಾಗ ಕೈಗೆ ಗೊತ್ತಾಗಿಬಿಡುತ್ತದೆ. ದೋಸೆ ಹುಯ್ಯುವವರ ಕೈಗೆ ಕಾವಲಿಯ ಕಾವು ಗೊತ್ತಿರುವ ಹಾಗೆ. ಅದೇ ಪ್ಲಗಿನ್ನಿನಲ್ಲಾದರೆ ಮೌಸ್ ಒಂದೇ. ಒಂದು ಸಲಕ್ಕೆ ಒಂದೇ ನಾಬ್. ಕಣ್ಣು ಪರದೆಯ ಮೇಲೆ ಇರಲೇಬೇಕು. ಕಣ್ಣು ಅಲ್ಲಿದ್ದಾಗ ಕಿವಿ ಅರ್ಧ ಮುಚ್ಚಿಕೊಳ್ಳುತ್ತದೆ. ಇದು ನನ್ನ ಅನುಭವ.

ಯುಎಸ್‌ಬಿಗೆ ಸಿಕ್ಕಿಸುವ ಚಿಕ್ಕ ಮಿಡಿ ಕೀಬೋರ್ಡ್ (ಇದು ತಾನೇ ಸದ್ದು ಮಾಡುವುದಿಲ್ಲ, ಯಾವ ಕೀ, ಎಷ್ಟು ನಾಬ್ ಅನ್ನುವುದನ್ನು ಮಿಡಿ ಅನ್ನುವ ಅಂಕಿಗಳ ಭಾಷೆಯಲ್ಲಿ ಕಳಿಸುತ್ತದೆ) ಈ ಕೊರತೆಯನ್ನು ಮುಕ್ಕಾಲು ಪಾಲು ತುಂಬುತ್ತದೆ. 25 ಕೀ, ಎಂಟು ನಾಬ್ ಇರುವಂಥದ್ದು ಸಾಕು. ಉಳಿದ ಕಾಲು ಪಾಲು ಏನು ಅಂದರೆ, ಮಾಮೂಲಿ ಮಿಡಿ ನಾಬ್ ತಿರುಗಿಸಿದಾಗ ಹೋಗುವುದು 0ಯಿಂದ 127ರವರೆಗಿನ ಅಂಕಿ. ಒಟ್ಟು 128 ಮೆಟ್ಟಿಲು. ಫಿಲ್ಟರನ್ನು ತುಂಬಾ ನಿಧಾನವಾಗಿ ಎಳೆದರೆ ಕೆಲವು ಪ್ಲಗಿನ್‌ಗಳಲ್ಲಿ ಆ ಮೆಟ್ಟಿಲು ಕಿವಿಗೆ ಸಿಗುತ್ತದೆ. ಅನಲಾಗ್ ಪೆಟ್ಟಿಗೆಯ ನಾಬ್ ನೇರವಾಗಿ ಸರ್ಕ್ಯೂಟಿಗೇ ಕೂತಿದ್ದರೆ ಅಲ್ಲಿ ಮೆಟ್ಟಿಲೇ ಇಲ್ಲ, ಇಳಿಜಾರು.

ಈಗ ನನಗೆ ತುಂಬಾ ಹತ್ತಿರದ ವಿಷಯಕ್ಕೆ ಬರುತ್ತೇನೆ. ಮುಂಬೈಯ ಚರಣ್‌ಜಿತ್ ಸಿಂಗ್ ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದವರು. 1982ರಲ್ಲಿ ಅವರು ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು, ಹತ್ತು ರಾಗಗಳನ್ನು ಡಿಸ್ಕೋ ನಡೆಗೆ ಕೂರಿಸಿ ಒಂದು ರೆಕಾರ್ಡ್ ಮಾಡಿದರು. ಜ್ಯೂಪಿಟರ್-8 ಸಿಂಥ್, ಟಿಆರ್-808 ಡ್ರಮ್ ಯಂತ್ರ, ಟಿಬಿ-303 ಬೇಸ್ ಯಂತ್ರ. ಆಗ ಅದನ್ನು ಕೇಳಿದವರು ಕಡಿಮೆ. ಅದೇ 303 ಯಂತ್ರವನ್ನು ತಿರುಚಿ ಷಿಕಾಗೋದ ಹುಡುಗರು ಆ್ಯಸಿಡ್ ಹೌಸ್ ಅನ್ನುವ ಸಂಗೀತವನ್ನು ಹೊರತಂದದ್ದು 1987ರಲ್ಲಿ. ಸಿಂಗ್ ಅವರ ರೆಕಾರ್ಡ್ 2010ರಲ್ಲಿ ಮತ್ತೆ ಬಿಡುಗಡೆ ಆದಾಗ ಜಗತ್ತು ಬೆಕ್ಕಸಬೆರಗಾಯಿತು. ಐದು ವರ್ಷ ಮುಂಚೆಯೇ ಮುಂಬೈಯಲ್ಲಿ ಅಂಥದ್ದೇ ಸದ್ದು ಕೇಳಿಬಂದಿತ್ತು!

303ರಲ್ಲಿ ಸ್ಲೈಡ್ ಅನ್ನುವ ಒಂದು ಸೌಲಭ್ಯ ಇದೆ. ಒಂದು ಸ್ವರ ನಿಲ್ಲದೆ ಮುಂದಿನ ಸ್ವರಕ್ಕೆ ಜಾರುತ್ತದೆ. ನಮ್ಮ ಕಿವಿಗೆ ಇದು ಜಾರು ಗಮಕದ ಬಂಧು. ಕೀಬೋರ್ಡ್ ಅನ್ನುವುದು ಬಿಡಿಬಿಡಿ ಸ್ವರಗಳ ವಾದ್ಯ. ನಮ್ಮ ರಾಗ ಇರುವುದೇ ಸ್ವರಗಳ ನಡುವಿನ ದಾರಿಯಲ್ಲಿ. ಹಾಗಾಗಿ ಸಿಂಥ್ ಆರಿಸುವಾಗ ನಮ್ಮವರು ಕೇಳಬೇಕಾದ ಮೊದಲ ಪ್ರಶ್ನೆ, ಇದರಲ್ಲಿ ಸ್ವರ ಹೇಗೆ ಜಾರುತ್ತದೆ?

ತೋಡಿಯ ಗಾಂಧಾರವನ್ನೇ ತೆಗೆದುಕೊಳ್ಳಿ. ಅದು ನಿಂತ ಸ್ವರ ಅಲ್ಲ. ರಿಷಭ ಮತ್ತು ಮಧ್ಯಮದ ನಡುವೆ ತೂಗುತ್ತದೆ. ಹೊಸಬರು ಇದಕ್ಕೆ ಎಲ್‌ಎಫ್‌ಓ ಹಚ್ಚುತ್ತಾರೆ. ಬರುವುದು ಬರೀ ಯಂತ್ರದ ನಡುಕ. ಎಲ್‌ಎಫ್‌ಓ ಎರಡೂ ಕಡೆ ಒಂದೇ ಸಮ, ಒಂದೇ ವೇಗದಲ್ಲಿ ಅಲುಗುತ್ತದೆ. ಕಂಪಿತ ಅನ್ನುವ ಈ ತೂಗುವ ಗಮಕ ಹಾಗಲ್ಲ. ಕೆಳಗೆ ಒಂದು ಕ್ಷಣ ನಿಲ್ಲುತ್ತದೆ, ಮೇಲೆ ಮುಟ್ಟಿ ಬರುತ್ತದೆ, ಪ್ರತಿ ಸಲ ಅಳತೆ ಬೇರೆ. ಇದಕ್ಕೆ ಪಿಚ್ ವೀಲ್, ಅಂದರೆ ಸ್ವರವನ್ನು ಮೇಲೆ ಕೆಳಗೆ ಬಾಗಿಸುವ ಚಕ್ರ ಬೇಕು. ಬಹಳಷ್ಟು ಸಿಂಥ್‌ಗಳಲ್ಲಿ ಅದರ ರೇಂಜ್ 2 ಅಂತ ಇಟ್ಟಿರುತ್ತಾರೆ, ಅಂದರೆ ಎರಡು ಸೆಮಿಟೋನ್ (ಕಪ್ಪು ಕೀಗಳನ್ನೂ ಎಣಿಸಿ ಎರಡು ಕೀ ದೂರ). ಅದನ್ನು 4 ಮಾಡಿ. ಶುದ್ಧ ರಿಷಭದ ಕೀ ಒತ್ತಿ ಹಿಡಿದು ವೀಲನ್ನು ಪೂರ್ತಿ ತಳ್ಳಿದರೆ ಶುದ್ಧ ಮಧ್ಯಮ ಸಿಗುತ್ತದೆ. ನಡುವೆ ಬೇಕಾದಂತೆ ತೂಗಿ. ವೀಣೆಯಲ್ಲಿ ಒಂದೇ ಮೆಟ್ಟಿನ ಮೇಲೆ ತಂತಿ ಎಳೆದು ಮೇಲಿನ ಸ್ವರ ಹಿಡಿಯುವುದೂ ಇದೇ ಕೆಲಸ ತಾನೆ? ಪಿಚ್ ವೀಲ್‌ಗೆ ಮಿಡಿಯಲ್ಲಿ 128 ಅಲ್ಲ, 16,384 ಮೆಟ್ಟಿಲು ಇವೆ. ಕಿವಿಗೆ ಸಿಗುವ ಮಾತೇ ಇಲ್ಲ.

ಒಂದು ತೊಡಕಿದೆ. ಮಾಮೂಲಿ ಮಿಡಿಯಲ್ಲಿ ವೀಲ್ ತಿರುಗಿಸಿದರೆ ಆ ಚಾನೆಲ್ಲಿನ ಎಲ್ಲ ಸ್ವರಗಳೂ ಬಾಗುತ್ತವೆ. ಎಡಗೈ ಬೆರಳಲ್ಲಿ ಆಧಾರ ಷಡ್ಜ ಹಿಡಿದು ಬಲಗೈಯಲ್ಲಿ ಗಮಕ ಹಾಕಲು ಹೋದರೆ ಷಡ್ಜವೂ ಜೊತೆಗೆ ಅಲುಗುತ್ತದೆ. ಶ್ರುತಿಯೇ ಅಲುಗಿದ ಮೇಲೆ ರಾಗ ಎಲ್ಲಿ ನಿಲ್ಲಬೇಕು? ಸುಲಭದ ಪರಿಹಾರ ಅಂದರೆ ಶ್ರುತಿಗೆ ಒಂದು ಟ್ರ್ಯಾಕ್, ರಾಗಕ್ಕೆ ಇನ್ನೊಂದು. 2018ರಲ್ಲಿ ಒಪ್ಪಿಗೆಯಾದ ಎಂಪಿಇ ಅನ್ನುವ ವ್ಯವಸ್ಥೆ ಪ್ರತಿ ಬೆರಳಿನ ಸ್ವರವನ್ನು ಬೇರೆ ಬೇರೆಯಾಗಿ ಬಾಗಿಸಲು ಬಿಡುತ್ತದೆ. ಸರ್ಜ್ ಎಕ್ಸ್‌ಟಿ, ವೈಟಲ್ ಅನ್ನುವ ಪ್ಲಗಿನ್‌ಗಳು ಎರಡೂ ಬಿಟ್ಟಿ ಸಿಗುತ್ತವೆ, ಎರಡರಲ್ಲೂ ಇದು ಇದೆ. ಕಡಿಮೆ ಬೆಲೆಯ ಪೆಟ್ಟಿಗೆಗಳಲ್ಲಿ ಇದು ಸಿಗುವುದು ಅಪರೂಪ. ಇನ್ನು ಸ್ವರಸ್ಥಾನಗಳನ್ನೇ ಹೊಂದಿಸಿಕೊಳ್ಳುವ ಸೌಲಭ್ಯ ಕಾರ್ಗ್ ಮೊನೊಲಾಗ್‌ನಂಥ ಚಿಕ್ಕ ಪೆಟ್ಟಿಗೆಯಲ್ಲೂ ಇದೆ, ಸರ್ಜ್‌ನಲ್ಲೂ ಇದೆ. ಆದರೆ ಸ್ಥಾಯಿಯ 22 ಸೂಕ್ಷ್ಮ ಶ್ರುತಿಸ್ಥಾನ ಹಾಕಿಕೊಂಡ ಮಾತ್ರಕ್ಕೆ ರಾಗ ಬರುತ್ತದೆ ಅಂತ ನಂಬಬೇಡಿ. ಸ್ಥಾನಕ್ಕಿಂತ ಚಲನೆ ದೊಡ್ಡದು. ನನಗೆ ಒಂದನ್ನೇ ಆರಿಸು ಅಂದರೆ ಒಳ್ಳೆಯ ಪಿಚ್ ವೀಲ್ ಆರಿಸುತ್ತೇನೆ. ಎಷ್ಟೋ ಚಿಕ್ಕ ಕೀಬೋರ್ಡ್‌ಗಳಲ್ಲಿ ವೀಲ್ ಬದಲು ಬೆರಳಿಡುವ ಪಟ್ಟಿ ಇರುತ್ತದೆ. ಅಂಗಡಿಯಲ್ಲಿ ನಿಂತು ಅದರ ಮೇಲೆ ಒಂದು ಕಂಪಿತ ಹಾಕಿ ನೋಡದೆ ದುಡ್ಡು ಕೊಡಬೇಡಿ.

ಇಲ್ಲಿ ಒಂದು ಮಾತು. ನಮ್ಮ ಕಡೆ ಆರ್ಕೆಸ್ಟ್ರಾಗಳಲ್ಲಿ, ಚರ್ಚ್‌ಗಳಲ್ಲಿ ಕಾಣುವ ರೋಲ್ಯಾಂಡ್ ಎಕ್ಸ್‌ಪಿಎಸ್-10ನಂಥವು ಬೇರೆ ಜಾತಿ. ಅವು ತಬಲಾ, ಸಿತಾರ್, ಪಿಯಾನೋ ಮುಂತಾದವುಗಳ ರೆಕಾರ್ಡ್ ಮಾಡಿದ ಸದ್ದು ನುಡಿಸುತ್ತವೆ. ಹಾಡುಗಾರರ ಜೊತೆ ಊರೂರು ತಿರುಗುವವರಿಗೆ ಅದೇ ಸರಿ. ಸೊನ್ನೆಯಿಂದ ಸದ್ದು ಕಟ್ಟಬೇಕು ಅನ್ನುವವರಿಗೆ ಅಲ್ಲ.

ಬಾಳಿಕೆಯ ವಿಷಯದಲ್ಲಿ ಪೆಟ್ಟಿಗೆಯೇ ಗಟ್ಟಿ ಅಂತ ಸಾಮಾನ್ಯ ನಂಬಿಕೆ. ಅದು ಪೂರ್ತಿ ನಿಜ ಅಲ್ಲ. 1984ರ ರೋಲ್ಯಾಂಡ್ ಜೂನೋ-106 ಒಳಗಿನ ಧ್ವನಿ ಚಿಪ್‌ಗಳು ಸುತ್ತಲಿನ ಅಂಟಿನ ಲೇಪದಿಂದಲೇ ಹಾಳಾಗುತ್ತವೆ ಅನ್ನುವುದು ರಿಪೇರಿಯವರಿಗೆಲ್ಲ ಗೊತ್ತು. ಆದರೆ ಸಾಫ್ಟ್‌ವೇರಿನ ಸಾವು ಇನ್ನೂ ಕ್ರೂರ. ಅಲ್ಲಿ ರಿಪೇರಿಯೇ ಇಲ್ಲ. 2019ರಲ್ಲಿ ಆ್ಯಪಲ್ ತನ್ನ ಮ್ಯಾಕ್ ವ್ಯವಸ್ಥೆಯಿಂದ 32 ಬಿಟ್ ಅನ್ನುವ ಹಳೇ ಬಗೆಯ ತಂತ್ರಾಂಶಗಳನ್ನು ಕೈಬಿಟ್ಟಿತು. ಹೊಸ ವ್ಯವಸ್ಥೆ ಹಾಕಿಕೊಂಡವರ ಹಳೇ ಪ್ಲಗಿನ್‌ಗಳು ಒಂದೇ ದಿನದಲ್ಲಿ ಕಣ್ಣು ಮುಚ್ಚಿದವು. ಹಾಡಿನ ಫೈಲ್ ಇದೆ, ಅದರೊಳಗಿನ ವಾದ್ಯ ಇಲ್ಲ. 2023ರ ಮಾರ್ಚ್‌ನಲ್ಲಿ ವೇವ್ಸ್ ಕಂಪನಿ ಇನ್ನು ಮೇಲೆ ಪ್ಲಗಿನ್‌ಗಳು ಚಂದಾಗೆ ಮಾತ್ರ ಅಂದಿತು. ಬಳಕೆದಾರರು ಸಿಟ್ಟಿಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಆದರೆ ನಮ್ಮ ವಾದ್ಯದ ಕೀಲಿ ಕೈ ಬೇರೆಯವರ ಹತ್ತಿರ ಇದೆ ಅನ್ನುವುದು ಆವತ್ತು ಎಲ್ಲರಿಗೂ ಗೊತ್ತಾಯಿತು.

ಹಾಗಾದರೆ ಬಾಳುವುದು ಯಾವುದು? ಎಲ್ಲರಿಗೂ ತೆರೆದಿಟ್ಟದ್ದು. ಮಿಡಿಯನ್ನೇ ನೋಡಿ. ಅಮೆರಿಕದ ಸಿಂಥ್ ತಯಾರಕ ಡೇವ್ ಸ್ಮಿತ್ ಮತ್ತು ರೋಲ್ಯಾಂಡ್ ಕಂಪನಿಯ ಇಕುತಾರೋ ಕಾಕೆಹಾಶಿ ಮುಂದೆ ನಿಂತು ತಂದ ವ್ಯವಸ್ಥೆ ಅದು. ಬೇರೆ ಬೇರೆ ಕಂಪನಿಯ ಯಂತ್ರಗಳು ಒಂದೇ ಭಾಷೆ ಮಾತಾಡಲಿ ಅಂತ ಅದನ್ನು ಬಿಟ್ಟಿಯಾಗಿ ಬಿಟ್ಟುಕೊಟ್ಟರು. 1983ರ ಐದು ಪಿನ್ನಿನ ವೈರು ಇವತ್ತಿನ ಎಷ್ಟೋ ಹೊಸ ಸಿಂಥ್‌ಗಳಿಗೂ ಕೂರುತ್ತದೆ. ಸರ್ಜ್ ಕೂಡ ಮೊದಲು ಮಾರಾಟದ ಪ್ಲಗಿನ್ ಆಗಿತ್ತು. 2018ರಲ್ಲಿ ಅದನ್ನು ಬರೆದವರೇ ಮೂಲ ಕೋಡನ್ನು ಎಲ್ಲರಿಗೂ ಬಿಟ್ಟರು. ಈಗ ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಒಂದು ಕಂಪನಿ ಮುಚ್ಚಿದರೆ ಅದು ಸಾಯುವುದಿಲ್ಲ. ನೀವು ಯಾವುದನ್ನೇ ಬಳಸಿ, ಒಂದು ಹಾಡು ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ ವೇವ್ ಫೈಲ್ ಆಗಿ ತೆಗೆದಿಟ್ಟುಕೊಳ್ಳಿ. ಪ್ಲಗಿನ್ ಹೋದರೂ ನಾದ ಉಳಿಯುತ್ತದೆ.

ಕೊಳ್ಳುವ ಮುಂಚೆ ಯಾರೂ ಹೇಳದ ಕೆಲವು ಸಂಗತಿ ಇವೆ. ಪ್ಲಗಿನ್ ನುಡಿಸುವಾಗ ಕೀ ಒತ್ತುವುದಕ್ಕೂ ಸದ್ದು ಬರುವುದಕ್ಕೂ ನಡುವೆ ತಡ ಇರುತ್ತದೆ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತಯಾರಿಸುವ ಸದ್ದಿನ ತುಂಡು) 512 ಸ್ಯಾಂಪಲ್ ಇದ್ದರೆ, ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ, ಸುಮಾರು 11.6 ಮಿಲಿಸೆಕೆಂಡ್. ಸ್ಪೀಕರಿನಿಂದ ನಾಲ್ಕು ಮೀಟರ್ ದೂರ ಕೂತು ನುಡಿಸಿದ ಹಾಗೆ. 128ಕ್ಕೆ ಇಳಿಸಿದರೆ ಒಂದು ಮೀಟರ್. ಕೈಗೆ ಹಿತ ಅನ್ನಿಸುವುದು ಅಲ್ಲಿ. ಅದಕ್ಕೆ ಆಡಿಯೋ ಇಂಟರ್‌ಫೇಸ್, ಅಂದರೆ ಕಂಪ್ಯೂಟರಿನ ಸದ್ದನ್ನು ಒಳಗೆ ಹೊರಗೆ ಸಾಗಿಸುವ ಪುಟ್ಟ ಸಾಧನ ಇದ್ದರೆ ಒಳ್ಳೆಯದು. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ನುಡಿಸಲು ಕೂತರಂತೂ ತಾಳವೇ ಕೂರುವುದಿಲ್ಲ. ಪ್ಲಗಿನ್ ಸರಿಯಿಲ್ಲ ಅಂತ ಬೈಯುವವರಲ್ಲಿ ಅರ್ಧ ಜನರ ತೊಂದರೆ ಇದೇ. ವೈರಿರುವ ಹೆಡ್‌ಫೋನ್ ಹಾಕಿ.

ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದ ತಕ್ಷಣ ಸ್ಪೀಕರಿನಲ್ಲಿ ಗುಂಯ್ ಅನ್ನುವುದು ನಮ್ಮ ಊರುಗಳಲ್ಲಿ ಮಾಮೂಲು. ಮನೆಯ ಅರ್ಥಿಂಗ್ ಸರಿ ಇರಬೇಕು. ಹೊರಗೆ ನುಡಿಸುವವರು ವಾದ್ಯಕ್ಕೂ ಮಿಕ್ಸರಿಗೂ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಇಟ್ಟುಕೊಂಡರೆ ಬಹುತೇಕ ಪರಿಹಾರ. ಒಂದು ಗಣೇಶೋತ್ಸವದಲ್ಲಿ ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ನುಡಿಸುತ್ತಿದ್ದಾಗ ಕರೆಂಟ್ ಹೋಗಿ ಬಂತು. ಇಂಟರ್‌ಫೇಸ್ ಮತ್ತೆ ಗುರುತು ಸಿಗಲು ಎರಡು ನಿಮಿಷ ಬೇಕಾಯಿತು. ಎದುರಿಗೆ ಮುನ್ನೂರು ಜನ ಕೂತಿರುವಾಗ ಆ ಎರಡು ನಿಮಿಷ ತುಂಬಾ ಉದ್ದ. ಪಕ್ಕದಲ್ಲಿದ್ದ ಕೀಬೋರ್ಡಿನವರು ಸ್ವಿಚ್ ಒತ್ತಿ ಐದು ಸೆಕೆಂಡಿಗೆ ಶುರುಮಾಡಿದ್ದರು. ಇದೂ ಪೆಟ್ಟಿಗೆಯ ಬೆಲೆಯಲ್ಲಿ ಸೇರಿರುವ ಸಂಗತಿ.

ಹೊಸ ಪೆಟ್ಟಿಗೆ ವಿದೇಶದಿಂದ ಬರುವಾಗ ಸಾಗಣೆ, ಸುಂಕ, ಜಿಎಸ್‌ಟಿ ಸೇರಿ ಅಲ್ಲಿನ ಬೆಲೆಗಿಂತ ತುಂಬಾ ಮೇಲೆ ಹೋಗುತ್ತದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ನೋಡುವುದು ತಪ್ಪಲ್ಲ. ನಾನು ಕೊಂಡ ಒಂದು ಸಿಂಥ್ ಕರಾವಳಿಯಲ್ಲಿ ಇದ್ದದ್ದು. ನಾಬ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ತಂದು ಹೊಡೆದೆ, ಎರಡು ನಾಬ್ ಸರಿಹೋದವು. ಮೂರನೆಯದಕ್ಕೆ ಅಲ್ಲೇ ಹೊಸ ಪಾಟ್ (ನಾಬ್ ಕೆಳಗೆ ತಿರುಗುವ ಭಾಗ) ಸಿಕ್ಕಿತು, ಬೆಸುಗೆ ಹಾಕಿಸಿದೆ. ಕೊಳ್ಳುವಾಗ ಪ್ರತಿ ನಾಬ್, ಪ್ರತಿ ಕೀ, ಪ್ರತಿ ಜ್ಯಾಕ್ ಮುಟ್ಟಿ ನೋಡಿ. ಸಂಕೋಚ ಬೇಡ.

ಅಕ್ಕನ ಮಗನಿಗೆ ನಾನು ಅವತ್ತು ಹೇಳಿದ್ದು ಇಷ್ಟು. ಈಗಲೇ ಸಿಂಥ್ ಕೊಳ್ಳಬೇಡ. ನಾಬ್ ಇರುವ ಒಂದು ಚಿಕ್ಕ ಮಿಡಿ ಕೀಬೋರ್ಡ್ ತಗೋ. ಸರ್ಜ್ ಹಾಕಿಕೋ, ಬೇರೆ ಯಾವುದೂ ಬೇಡ. ಅದರಲ್ಲಿರುವ ರೆಡಿಮೇಡ್ ಧ್ವನಿಗಳನ್ನು ಮುಟ್ಟಬೇಡ, ಏನೂ ಹೊಂದಿಸಿಲ್ಲದ ಖಾಲಿ ಪ್ಯಾಚ್‌ನಿಂದ ಶುರುಮಾಡು. ಆರು ತಿಂಗಳು ಇದೊಂದೇ. ಅವನಿಗೆ ಸ್ವಲ್ಪ ಬೇಜಾರಾಗಿತ್ತು ಅಂತ ಧ್ವನಿಯಲ್ಲೇ ಗೊತ್ತಾಯಿತು.

ದೀಪಾವಳಿಗೆ ಹೋದಾಗ ಅವನ ಮೇಜು ನೋಡಿದೆ. ಎಂಟು ನಾಬ್‌ಗಳ ಕೆಳಗೂ ಬಿಳಿ ಟೇಪ್ ಅಂಟಿಸಿ ಕನ್ನಡದಲ್ಲಿ ಹೆಸರು ಬರೆದಿದ್ದ. ಕಟಾಫ್, ರೆಸೊ, ಜಾರು, ಏರು, ಇಳಿ, ಹೀಗೆ. ಐದು ಟೇಪ್ ಹೊಸದರಂತೆಯೇ ಇದ್ದವು. ಕಟಾಫ್, ಜಾರು, ಇಳಿ ಈ ಮೂರು ಮಾತ್ರ ಬೆರಳು ತಾಗಿ ತಾಗಿ ಕಪ್ಪಾಗಿ, ಅಕ್ಷರ ಅಳಿಸಿಹೋಗಿದ್ದವು. "ಮಾಮ, ಈ ಮೂರು ನಾಬ್ ದೊಡ್ಡದಾಗಿ ಇರೋದು, ಪಿಚ್ ವೀಲ್ ಚೆನ್ನಾಗಿರೋದು ಯಾವುದಿದೆ ಹೇಳು" ಅಂದ. ನಲವತ್ತು ಸಾವಿರದಲ್ಲಿ ಮೂವತ್ತು ಸಾವಿರ ಇನ್ನೂ ಹಾಗೇ ಇತ್ತು. ಊಟ ಆದಮೇಲೆ ಇಬ್ಬರೂ ಸೆಕೆಂಡ್ ಹ್ಯಾಂಡ್ ಪಟ್ಟಿ ನೋಡುತ್ತಾ ಕೂತೆವು.